ಹೃದಯಕ್ಕೆ ಇಂಜೆಕ್ಷನ್ ಬಂತು, ಪಕ್ಕದಲ್ಲಿ ನಿಲ್ಲುವ ನರ್ಸ್ ಎಲ್ಲಿ?

2025ರ ಜೂನ್ ತಿಂಗಳು ಹಾಸನ ಜಿಲ್ಲೆಯ ಪಾಲಿಗೆ ಆತಂಕದ ತಿಂಗಳಾಗಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ಮೃತಪಟ್ಟರು. ಅವರಲ್ಲಿ ಹಲವರು ಇನ್ನೂ ಯುವಕರು. ಸುದ್ದಿ ಹರಡಿದಂತೆ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಳು ಕಾಣಿಸಿಕೊಂಡವು. ಎದೆಯಲ್ಲಿ ಸಣ್ಣ ಚುಚ್ಚು ಕಂಡರೂ ಇಸಿಜಿ ಮಾಡಿಸಿಕೊಳ್ಳುವ ಆತುರ ಮನೆಮನೆಗೂ ತಲುಪಿತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿಯಿಂದ ಅಧ್ಯಯನ ಮಾಡಿಸಿತು. ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ವರದಿಯ ಸಾರಾಂಶವನ್ನು ಜನರ ಮುಂದಿಟ್ಟರು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ 20 ಪ್ರಕರಣಗಳಲ್ಲಿ ಹೃದಯ ಸಂಬಂಧಿ ಕಾರಣ ಖಚಿತವಾಗಿತ್ತು ಅಥವಾ ಸಂಭಾವ್ಯವಾಗಿತ್ತು. 24 ಮಂದಿಯಲ್ಲಿ 14 ಮಂದಿ 45 ವರ್ಷದೊಳಗಿನವರು. ಯಾವುದೋ ನಿಗೂಢ ಕಾಯಿಲೆಯಾಗಲಿ, ಕೋವಿಡ್ ಲಸಿಕೆಯಾಗಲಿ ಇದಕ್ಕೆ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಬಹುಪಾಲು ಜನರಲ್ಲಿ ಕಂಡದ್ದು ಹಳೆಯ ಪರಿಚಿತ ಶತ್ರುಗಳೇ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ, ಕುಟುಂಬದ ಹಿನ್ನೆಲೆ.

ಇದರ ಬೆನ್ನಲ್ಲೇ ಹಲವು ಕ್ರಮಗಳು ಘೋಷಣೆಯಾದವು. ಆಸ್ಪತ್ರೆಯ ಹೊರಗೆ ನಡೆಯುವ ಹಠಾತ್ ಸಾವುಗಳನ್ನು ಸರ್ಕಾರದ ಗಮನಕ್ಕೆ ತರುವುದು, ಮರಣೋತ್ತರ ಪರೀಕ್ಷೆ, ಶಾಲಾ ಮಕ್ಕಳ ಹೃದಯ ತಪಾಸಣೆ, ಸಿಪಿಆರ್ ತರಬೇತಿ, ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಯಂತ್ರ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದು. ಎಲ್ಲವೂ ಬೇಕಾದವೇ. ಆದರೆ ಈ ಚರ್ಚೆಯಲ್ಲಿ ಒಂದು ಪದ ಹೆಚ್ಚು ಕೇಳಿಸಲೇ ಇಲ್ಲ. ಅದು ನರ್ಸ್.

ಯಂತ್ರ ಖರೀದಿಸಬಹುದು, ಇಂಜೆಕ್ಷನ್ ಸರಬರಾಜು ಮಾಡಬಹುದು, ದೂರದ ತಜ್ಞರು ಮೊಬೈಲ್‌ನಲ್ಲೇ ಇಸಿಜಿ ನೋಡಬಹುದು. ಆದರೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಬಂದವರ ಎದೆಗೆ ಇಸಿಜಿ ಲೀಡ್ ಅಂಟಿಸುವವರು ಯಾರು? ಇಂಜೆಕ್ಷನ್ ಕೊಟ್ಟ ನಂತರದ ಎರಡು ಗಂಟೆ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ಯಾರು? ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವರು ಮಾತ್ರೆ ಬಿಟ್ಟರೆ ಕೇಳುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಕರ್ನಾಟಕದ ಹೃದ್ರೋಗ ಚಿಕಿತ್ಸೆಯ ನಿಜವಾದ ಬಲ ಎಷ್ಟು ಎಂಬುದನ್ನು ಹೇಳುತ್ತದೆ.

ಏನಿದು ಹೃದಯ ಜ್ಯೋತಿ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ ಇಡೀ ರಾಜ್ಯ ಆಘಾತಕ್ಕೊಳಗಾಯಿತು. ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಈ ಯೋಜನೆ ಜಾರಿಗೊಳಿಸಿತು. ಇದರ ರಚನೆಯನ್ನು ಆರೋಗ್ಯ ಇಲಾಖೆಯ ಭಾಷೆಯಲ್ಲಿ 'ಹಬ್ ಅಂಡ್ ಸ್ಪೋಕ್' ಎನ್ನುತ್ತಾರೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಸ್ಪೋಕ್, ಜಯದೇವದಂಥ ದೊಡ್ಡ ಕೇಂದ್ರಗಳು ಹಬ್. ಸ್ಪೋಕ್‌ನಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ತಜ್ಞರಿಗೆ ತಲುಪುತ್ತದೆ. ರಕ್ತನಾಳ ಪೂರ್ತಿ ಮುಚ್ಚಿಹೋಗುವ ಗಂಭೀರ ಹೃದಯಾಘಾತ ಎಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ನೀಡಲಾಗುತ್ತದೆ. ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧ ಇದು. ಬಳಿಕ ರೋಗಿಯನ್ನು ಹಬ್‌ಗೆ ಕಳುಹಿಸಿ ಆಂಜಿಯೋಗ್ರಾಂ ಮಾಡಲಾಗುತ್ತದೆ. 2025ರ ಮಧ್ಯಭಾಗದ ಹೊತ್ತಿಗೆ 86 ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇತ್ತು.

ಈ ಮಾದರಿ ಫಲ ಕೊಡುತ್ತದೆ ಎನ್ನಲು ಪಕ್ಕದ ರಾಜ್ಯದಲ್ಲೇ ಪುರಾವೆ ಇದೆ. ತಮಿಳುನಾಡಿನಲ್ಲಿ ಇಂಥದ್ದೇ ಜಾಲ ರಚಿಸಿ 2,420 ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಜಾಲ ಬರುವ ಮೊದಲು ಒಂದು ವರ್ಷದೊಳಗೆ ಸಾವಿಗೀಡಾಗುತ್ತಿದ್ದವರ ಪ್ರಮಾಣ ಶೇ 17.6 ಇತ್ತು. ಜಾಲ ಬಂದ ನಂತರ ಅದು ಶೇ 14.2ಕ್ಕೆ ಇಳಿಯಿತು. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಪ್ರಯತ್ನವೂ ಇದೇ ದಾರಿಯದು. ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಚಿಕಿತ್ಸಾಲಯಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಹಳ್ಳಿ ವೈದ್ಯರನ್ನು ತಜ್ಞರ ಜತೆ ಜೋಡಿಸಿದ ಕೆಲಸ ಅದು.

ಈ ಎಲ್ಲ ಜಾಲಗಳ ಒಂದು ತುದಿಯಲ್ಲಿ ತಜ್ಞ ವೈದ್ಯರಿದ್ದಾರೆ. ಇನ್ನೊಂದು ತುದಿಯಲ್ಲಿ, ಬಹುತೇಕ ಸಂದರ್ಭಗಳಲ್ಲಿ, ಇರುವವರು ನರ್ಸ್.

ಮೊದಲ ಗಂಟೆಯ ಲೆಕ್ಕ

ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿತ ನಿಯಮ. ಇಂಜೆಕ್ಷನ್ ಕೊಡುವುದಾದರೆ ಆಸ್ಪತ್ರೆಯ ಬಾಗಿಲು ದಾಟಿದ 30 ನಿಮಿಷದೊಳಗೆ ಕೊಡಬೇಕು ಎಂಬುದು ದೀರ್ಘಕಾಲದ ಗುರಿ. ಕೇಳಲು ಸರಳ. ಆದರೆ ಈ ಹತ್ತು ನಿಮಿಷದ ಗಡಿಯಾರ ಓಡುವುದು ವೈದ್ಯರು ಬಂದ ಮೇಲಲ್ಲ, ರೋಗಿ ಬಂದ ಕ್ಷಣದಿಂದ.

ಬರುವವರು 'ಹೃದಯಾಘಾತವಾಗಿದೆ' ಎಂದು ಹೇಳಿಕೊಂಡು ಬರುವುದಿಲ್ಲ. 'ಗ್ಯಾಸ್ಟ್ರಿಕ್ ಇರಬೇಕು', 'ಎದೆ ಉರಿ', 'ಎಡಗೈ ಜೋಮು', 'ಯಾಕೋ ಬೆವರು' ಎನ್ನುತ್ತಾರೆ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆ ಇರಬಹುದು. ಅಂಥವರನ್ನು ಹೊರರೋಗಿ ಸಾಲಿನಿಂದ ಹೆಕ್ಕಿ ಮೊದಲು ಒಳಗೆ ಕರೆದುಕೊಳ್ಳುವುದು ಅನುಭವಿ ನರ್ಸ್‌ನ ಕಣ್ಣು. ಹಾಸನದ ಆತಂಕದ ದಿನಗಳಲ್ಲಿ ಇದೇ ದೊಡ್ಡ ಸವಾಲಾಗಿತ್ತು. ಭಯದಿಂದ ಬಂದ ನೂರಾರು ಮಂದಿಯ ನಡುವೆ ನಿಜವಾಗಿ ಅಪಾಯದಲ್ಲಿರುವ ಒಬ್ಬರನ್ನು ಗುರುತಿಸಬೇಕಿತ್ತು. ಆ ಕೆಲಸವನ್ನು ಯಂತ್ರವೊಂದೇ ಮಾಡಲಾರದು. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸಹಜವಾಗಿಯೇ ಬರಬಹುದು. ಆಗ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. 'ಇಸಿಜಿ ನಾರ್ಮಲ್, ಮನೆಗೆ ಹೋಗಿ' ಎಂಬ ಮಾತಿಗೂ 'ಇನ್ನರ್ಧ ಗಂಟೆ ಇಲ್ಲೇ ಕೂತಿರಿ' ಎಂಬ ಮಾತಿಗೂ ಇರುವ ಅಂತರ ಕೆಲವೊಮ್ಮೆ ಜೀವದಷ್ಟೇ ದೊಡ್ಡದು.

ಇಂಜೆಕ್ಷನ್ ವಿಚಾರಕ್ಕೆ ಬಂದರೆ ಹೊಣೆ ಇನ್ನೂ ಹೆಚ್ಚು. ಟೆನೆಕ್ಟೆಪ್ಲೇಸ್ ರಕ್ತದ ಹೆಪ್ಪನ್ನು ಕರಗಿಸುತ್ತದೆ. ಹೃದಯದಲ್ಲಿ ಮಾತ್ರವಲ್ಲ, ದೇಹದ ಎಲ್ಲೆಡೆ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ನಡೆದಿದೆಯೇ, ಹೊಟ್ಟೆಯಲ್ಲಿ ಹುಣ್ಣಿನಿಂದ ರಕ್ತ ಹೋಗಿದೆಯೇ, ರಕ್ತದೊತ್ತಡ ತೀರಾ ಏರಿದೆಯೇ ಎಂದು ಮೊದಲೇ ಕೇಳಿ, ನೋಡಿ, ಬರೆದಿಟ್ಟುಕೊಳ್ಳಬೇಕು. ಪ್ರಮಾಣವನ್ನು ದೇಹದ ತೂಕ ನೋಡಿ ನಿರ್ಧರಿಸಲಾಗುತ್ತದೆ. 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ 30 ಮಿಲಿಗ್ರಾಂ, 90 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚಿನವರಿಗೆ 50 ಮಿಲಿಗ್ರಾಂ. 5ರಿಂದ 10 ಸೆಕೆಂಡ್‌ಗಳಲ್ಲಿ ಔಷಧ ರಕ್ತನಾಳದೊಳಗೆ ಹೋಗಿ ಮುಗಿಯುತ್ತದೆ. ನಿಜವಾದ ಕಾವಲು ಶುರುವಾಗುವುದು ಆಮೇಲೆ.

ರಕ್ತನಾಳ ತೆರೆದುಕೊಳ್ಳುವ ಹೊತ್ತಿನಲ್ಲೇ ಹೃದಯದ ಬಡಿತ ದಿಢೀರ್ ತಾಳ ತಪ್ಪಬಹುದು. ಮಾತು ತೊದಲಿದರೆ, ವಿಪರೀತ ತಲೆನೋವು ಬಂದರೆ ಅದು ಮೆದುಳಿನ ರಕ್ತಸ್ರಾವದ ಸೂಚನೆಯಾಗಿರಬಹುದು. ಒಂದರಿಂದ ಒಂದೂವರೆ ಗಂಟೆಯೊಳಗೆ ಮತ್ತೊಂದು ಇಸಿಜಿ ತೆಗೆದು ಔಷಧ ಕೆಲಸ ಮಾಡಿದೆಯೇ ಎಂದು ನೋಡಬೇಕು. ಮಾಡದಿದ್ದರೆ ಕಾಯುವಂತಿಲ್ಲ, ಕೂಡಲೇ ಹಬ್‌ಗೆ ಸಾಗಿಸಬೇಕು. ಇಷ್ಟೆಲ್ಲ ನೋಡಿಕೊಳ್ಳಲು ಒಬ್ಬ ನರ್ಸ್ ಆ ಒಬ್ಬ ರೋಗಿಯ ಪಕ್ಕದಲ್ಲೇ ಇರಬೇಕು. ಅದೇ ನರ್ಸ್ ಅದೇ ಹೊತ್ತಿನಲ್ಲಿ ಹೆರಿಗೆ ಕೊಠಡಿಗೂ, ಅಪಘಾತದ ಗಾಯಾಳುವಿಗೂ ಓಡಬೇಕಾಗಿ ಬಂದರೆ, ಉಚಿತ ಇಂಜೆಕ್ಷನ್ ಕಪಾಟಿನಲ್ಲಿದ್ದೂ ಅರ್ಧ ಚಿಕಿತ್ಸೆಯಷ್ಟೇ ಆಗುತ್ತದೆ.

ನರ್ಸ್‌ಗಳಿಂದಲೇ ಹುಟ್ಟಿದ ಸಿಸಿಯು

ಹೃದ್ರೋಗ ಚಿಕಿತ್ಸೆಯಲ್ಲಿ ನರ್ಸ್ ಬರೀ ಸಹಾಯಕಿ ಎಂಬ ಭಾವನೆ ಇತಿಹಾಸಕ್ಕೂ ಹೊಂದುವುದಿಲ್ಲ. 1960ರ ದಶಕದ ಆರಂಭದವರೆಗೆ ಹೃದಯಾಘಾತವಾದವರನ್ನು ಸಾಮಾನ್ಯ ವಾರ್ಡ್‌ಗಳಲ್ಲೇ ಮಲಗಿಸಲಾಗುತ್ತಿತ್ತು. ಹೃದಯ ತಾಳ ತಪ್ಪಿದರೆ ವೈದ್ಯರು ಓಡಿ ಬರುವಷ್ಟರಲ್ಲಿ ಸಮಯ ಮೀರಿರುತ್ತಿತ್ತು. 1961ರಲ್ಲಿ ಬ್ರಿಟನ್‌ನ ಡೆಸ್ಮಂಡ್ ಜೂಲಿಯನ್, ಇಂಥ ರೋಗಿಗಳನ್ನೆಲ್ಲ ಒಂದೇ ಕಡೆ ಇರಿಸಿ, ತರಬೇತಾದ ಸಿಬ್ಬಂದಿಯ ನಿಗಾದಲ್ಲಿಡಬೇಕು ಎಂಬ ಯೋಚನೆ ಮುಂದಿಟ್ಟರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯ ಲಾರೆನ್ಸ್ ಮೆಲ್ಟ್‌ಜರ್ ಮತ್ತು ನರ್ಸ್ ರೋಸ್ ಪಿನ್ನಿಯೊ ಒಂದು ಹೆಜ್ಜೆ ಮುಂದೆ ಹೋದರು. ಮಾನಿಟರ್ ಓದಿ, ವೈದ್ಯರಿಗೆ ಕಾಯದೆ ವಿದ್ಯುತ್ ಆಘಾತ ನೀಡಿ ಹೃದಯವನ್ನು ಮತ್ತೆ ತಾಳಕ್ಕೆ ತರುವ ಅಧಿಕಾರ ಮತ್ತು ತರಬೇತಿ ಎರಡನ್ನೂ ಅಲ್ಲಿ ನರ್ಸ್‌ಗಳಿಗೆ ಕೊಡಲಾಯಿತು.

ಇಂದು ಊರೂರಿನ ಆಸ್ಪತ್ರೆಗಳ ಬೋರ್ಡ್‌ಗಳಲ್ಲಿ ಕಾಣುವ 'ಸಿಸಿಯು' ಎಂಬ ಮೂರಕ್ಷರಗಳ ಹಿಂದಿನ ಕಥೆ ಇದು. ಕೊಠಡಿಗೆ ಎಸಿ ಹಾಕಿ, ಮಾನಿಟರ್ ತಂದಿಟ್ಟ ಮಾತ್ರಕ್ಕೆ ಅದು ಸಿಸಿಯು ಆಗುವುದಿಲ್ಲ. ಮಾನಿಟರ್ ಕೂಗಿದಾಗ ಅದರ ಅರ್ಥ ಗೊತ್ತಿರುವ, ತಕ್ಷಣ ಏನು ಮಾಡಬೇಕೆಂದು ತಿಳಿದಿರುವ ಮತ್ತು ಮಾಡಲು ಅನುಮತಿಯೂ ಇರುವ ನರ್ಸ್ ಇದ್ದರೆ ಮಾತ್ರ ಅದು ಸಿಸಿಯು.

ಒಬ್ಬರಿಗೆ ಎಷ್ಟು ರೋಗಿಗಳು?

ನಿಯಮಗಳಿಗೇನೂ ಕೊರತೆ ಇಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಒಬ್ಬರು ಇರಬೇಕು. ರಜೆ, ಅನಾರೋಗ್ಯಗಳಿಗಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿಯೂ ಇರಬೇಕು. ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ ರಾತ್ರಿ ಪಾಳಿ ನೋಡಿದ ಯಾರಿಗೇ ಆದರೂ ಕಾಗದದ ಲೆಕ್ಕಕ್ಕೂ ವಾರ್ಡ್‌ನ ಲೆಕ್ಕಕ್ಕೂ ಎಷ್ಟು ದೂರ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಅಂತರವನ್ನು ಬರೀ ಸೌಕರ್ಯದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಾಧ್ಯತೆ ಶೇ 7ರಷ್ಟು ಹೆಚ್ಚುತ್ತದೆ ಎಂಬುದು ಅದರ ಫಲಿತಾಂಶ. ಪದವಿ ಶಿಕ್ಷಣ ಪಡೆದ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದರೆ ಆ ಸಾಧ್ಯತೆ ಶೇ 7ರಷ್ಟು ಇಳಿಯುತ್ತದೆ. ಅಂದರೆ ಸಂಖ್ಯೆಯೂ ಮುಖ್ಯ, ಕಲಿಕೆಯೂ ಮುಖ್ಯ.

ಬಡವರ ಪಾಲಿಗೆ ಇದು ಇನ್ನಷ್ಟು ನಿಜ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ತಜ್ಞರ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಮೇಲೆ ನಡೆದ 'ಕ್ರಿಯೇಟ್' ಅಧ್ಯಯನ 2008ರಲ್ಲಿ ಹೊರಬಂತು. ರೋಗಲಕ್ಷಣ ಕಾಣಿಸಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ಸರಾಸರಿ ರೋಗಿ ಆರು ಗಂಟೆ ಕಳೆದುಕೊಂಡಿದ್ದ. ತಿಂಗಳೊಳಗೆ ಸತ್ತವರ ಪ್ರಮಾಣ ಬಡವರಲ್ಲಿ ಶೇ 8.2, ಸಿರಿವಂತರಲ್ಲಿ ಶೇ 5.5. ಇನ್ನೂ ಮುಖ್ಯವಾದ ಅಂಶವೆಂದರೆ, ಪಡೆದ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಬಡವ-ಬಲ್ಲಿದರ ನಡುವಿನ ಈ ವ್ಯತ್ಯಾಸ ಮಾಯವಾಯಿತು. ಬಡವರ ಹೃದಯ ಬೇರೆಯಲ್ಲ, ಅವರಿಗೆ ಸಿಕ್ಕ ಚಿಕಿತ್ಸೆ ಮತ್ತು ಆರೈಕೆ ಬೇರೆ.

ಡಿಸ್ಚಾರ್ಜ್ ನಂತರ ಶುರುವಾಗುವ ಕಾಯಿಲೆ

ಹೃದಯಾಘಾತದಿಂದ ಪಾರಾಗಿ ಮನೆಗೆ ಬಂದವರ ಕೈಯಲ್ಲಿ ಒಂದು ಫೈಲ್ ಇರುತ್ತದೆ. ಅದರೊಳಗಿನ ಡಿಸ್ಚಾರ್ಜ್ ಸಾರಾಂಶ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ. ಜತೆಗೆ ಆರೇಳು ಬಗೆಯ ಮಾತ್ರೆ. ಯಾವುದು ಎಷ್ಟು ದಿನ, ಯಾವುದನ್ನು ನಿಲ್ಲಿಸಲೇಬಾರದು ಎಂಬ ಮಾಹಿತಿ ಬಿಲ್ ಕಟ್ಟುವ, ಆಂಬುಲೆನ್ಸ್ ಹುಡುಕುವ ಗಡಿಬಿಡಿಯಲ್ಲಿ ಎರಡು ನಿಮಿಷದ ಮಾತಿನಲ್ಲಿ ಮುಗಿದುಹೋಗುತ್ತದೆ.

ಇದರ ಪರಿಣಾಮ ಕೆಲ ತಿಂಗಳಲ್ಲಿ ಕಾಣಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಒಂದು ವರ್ಷದವರೆಗೆ, ತಪ್ಪದೆ ನುಂಗಬೇಕು. 'ಈಗ ಆರಾಮ ಇದೀನಲ್ಲ' ಎಂದು ಮೂರೇ ತಿಂಗಳಿಗೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವ ಮುನ್ನ ಯಾರೋ ಹೇಳಿದರೆಂದು ತಮ್ಮಷ್ಟಕ್ಕೇ ಮಾತ್ರೆ ಬಿಡುವವರೂ ಇದ್ದಾರೆ. ಕೃತಕ ಕವಾಟ ಹಾಕಿಸಿಕೊಂಡವರು ವಾರ್ಫರಿನ್ ಪ್ರಮಾಣ ಸರಿಯಿದೆಯೇ ಎಂದು ನಿಯಮಿತವಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ಹಳ್ಳಿಯಿಂದ ನೂರು ಕಿಲೋಮೀಟರ್ ದೂರದ ನಗರಕ್ಕೆ ಅದಕ್ಕಾಗಿಯೇ ಹೋಗಬೇಕೆಂದರೆ ಪರೀಕ್ಷೆಯೇ ತಪ್ಪುತ್ತದೆ.

ಇಲ್ಲಿ ದುಬಾರಿ ಪರಿಹಾರ ಬೇಕಿಲ್ಲ ಎಂಬುದನ್ನೂ ಭಾರತದ ಅಧ್ಯಯನವೇ ತೋರಿಸಿದೆ. ಸೇಂಟ್ ಜಾನ್ಸ್ ತಂಡವೇ ಮುನ್ನಡೆಸಿದ 'ಸ್ಪ್ರೆಡ್' ಅಧ್ಯಯನದಲ್ಲಿ 14 ಆಸ್ಪತ್ರೆಗಳ 806 ರೋಗಿಗಳಿದ್ದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲೂ ಮನೆಯಲ್ಲೂ ಭೇಟಿಯಾಗಿ ಮಾತ್ರೆ, ಊಟ, ವ್ಯಾಯಾಮ, ತಂಬಾಕಿನ ಬಗ್ಗೆ ಮಾತಾಡಿದರು. ಒಂದು ವರ್ಷದ ನಂತರ ಮಾತ್ರೆ ತಪ್ಪಿಸದವರ ಪ್ರಮಾಣ ಈ ಗುಂಪಿನಲ್ಲಿ ಶೇ 97, ಇನ್ನೊಂದರಲ್ಲಿ ಶೇ 92. ತಂಬಾಕು ಬಿಟ್ಟವರ ಪ್ರಮಾಣ ಶೇ 85 ಮತ್ತು ಶೇ 52. ಅವರ ಬಳಿ ಹೊಸ ಯಂತ್ರ ಇರಲಿಲ್ಲ, ಹೊಸ ಔಷಧವೂ ಇರಲಿಲ್ಲ. ರೋಗಿಯ ಜತೆ ಕುಳಿತು ಮಾತಾಡಲು ಸಮಯ ಇತ್ತು, ಅಷ್ಟೇ.

ತೂಕದ ಯಂತ್ರ ಹೇಳುವ ಸತ್ಯ

ಹೃದಯಾಘಾತಕ್ಕಿಂತ ಕಡಿಮೆ ಸುದ್ದಿಯಾಗುವ, ಆದರೆ ಅಷ್ಟೇ ಅಪಾಯಕಾರಿಯಾದ ಸ್ಥಿತಿ ಹೃದಯ ವೈಫಲ್ಯ. ಹೃದಯ ನಿಂತುಬಿಡುವುದು ಇದರ ಅರ್ಥವಲ್ಲ. ಪಂಪ್ ದುರ್ಬಲವಾಗಿ, ಕಾಲಿನಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟುವ ಸ್ಥಿತಿ ಅದು. ತಿರುವನಂತಪುರದಲ್ಲಿ 2013ರಲ್ಲಿ ಈ ಕಾಯಿಲೆಯಿಂದ ದಾಖಲಾದ 1,205 ಮಂದಿಯನ್ನು ಐದು ವರ್ಷ ಹಿಂಬಾಲಿಸಿದ ತಜ್ಞರಿಗೆ ಕಂಡದ್ದು, ಐವರಲ್ಲಿ ಹೆಚ್ಚುಕಡಿಮೆ ಮೂವರು ಆ ಅವಧಿಯಲ್ಲಿ ಬದುಕಿ ಉಳಿದಿರಲಿಲ್ಲ. ಆರೋಗ್ಯ ಸೂಚ್ಯಂಕಗಳಲ್ಲಿ ಮುಂದಿರುವ ಕೇರಳದ ಚಿತ್ರ ಇದು.

ಈ ರೋಗಿಗಳು ಮತ್ತೆ ಮತ್ತೆ ಆಸ್ಪತ್ರೆ ಸೇರುವುದಕ್ಕೆ ಕಾರಣ ಅನೇಕ ಬಾರಿ ಸಣ್ಣದು. ಮದುವೆ ಮನೆಯ ಉಪ್ಪಿನಕಾಯಿ, ಹಪ್ಪಳ. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಬಸ್ ಪ್ರಯಾಣದ ದಿನ ಬಿಟ್ಟ ನೀರಿನ ಮಾತ್ರೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೊಂಡ ನೋವಿನ ಗುಳಿಗೆ. ದಿನವೂ ಬೆಳಗ್ಗೆ ತೂಕ ನೋಡಿಕೊಂಡು, ಎರಡು ಮೂರು ದಿನಗಳಲ್ಲಿ ಎರಡು ಕೆ.ಜಿ. ಏರಿದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು ಎಂಬುದು ಇವರಿಗೆ ಹೇಳಿಕೊಡಬೇಕಾದ ಮೊದಲ ಪಾಠ. ಅಷ್ಟು ಬೇಗ ಏರುವುದು ಕೊಬ್ಬಲ್ಲ, ನೀರು. ಪಾಶ್ಚಾತ್ಯ ದೇಶಗಳಲ್ಲಿ ನರ್ಸ್‌ಗಳೇ ನಡೆಸುವ ಹೃದಯ ವೈಫಲ್ಯ ಕ್ಲಿನಿಕ್‌ಗಳು ಈ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ. ಫೋನ್ ಮಾಡಿ ತೂಕ ಕೇಳುವುದು, ವೈದ್ಯರು ಹಾಕಿಕೊಟ್ಟ ಮಿತಿಯೊಳಗೆ ಮಾತ್ರೆ ಹೊಂದಿಸುವುದು, ಅಪಾಯ ಕಂಡರೆ ಕರೆಸಿಕೊಳ್ಳುವುದು. ಅಂತರರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಗಳು ಇಂಥ ತಂಡದ ಆರೈಕೆಯನ್ನು ಔಷಧದಷ್ಟೇ ಬಲವಾಗಿ ಶಿಫಾರಸು ಮಾಡುತ್ತವೆ.

ಇನ್ನೊಂದು ಮರೆತ ಕಾಯಿಲೆ ರುಮ್ಯಾಟಿಕ್ ಹೃದ್ರೋಗ. ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗಿ ಹೃದಯದ ಕವಾಟಗಳನ್ನೇ ಹಾಳುಮಾಡುವ, ಬಡವರ ಮನೆಗಳನ್ನೇ ಹೆಚ್ಚಾಗಿ ಕಾಡುವ ರೋಗ. ಕವಾಟ ಮತ್ತಷ್ಟು ಹಾಳಾಗದಂತೆ ತಡೆಯಲು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಬೇಕು. ವರ್ಷಗಟ್ಟಲೆ ಬೇಕು. ಔಷಧ ಅಗ್ಗ. ಆದರೆ ಅಲರ್ಜಿಯ ಭಯದಿಂದ ಎಷ್ಟೋ ಕಡೆ ಅದನ್ನು ಕೊಡಲೇ ಹಿಂಜರಿಯುತ್ತಾರೆ. ಅಲರ್ಜಿ ಆದರೆ ನಿಭಾಯಿಸಲು ತರಬೇತಿ ಪಡೆದ ನರ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ, ಹದಿನೈದು ವರ್ಷದ ಹುಡುಗಿಗೆ ಮುಂದೆಂದೋ ಆಗಬೇಕಿದ್ದ ಕವಾಟದ ಶಸ್ತ್ರಚಿಕಿತ್ಸೆ ತಪ್ಪಬಹುದು.

ನರ್ಸಿಂಗ್ ಕಾಲೇಜುಗಳ ರಾಜ್ಯದಲ್ಲೇ ಕೊರತೆ

ವಿಚಿತ್ರವೆಂದರೆ, ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಬೆಂಗಳೂರು, ಮಂಗಳೂರು, ತುಮಕೂರಿಗೆ ಬಂದು ಓದುತ್ತಾರೆ. ಓದಿ ಮುಗಿಸಿದವರಲ್ಲಿ ಅನೇಕರ ಕಣ್ಣು ಕೊಲ್ಲಿ ರಾಷ್ಟ್ರ, ಬ್ರಿಟನ್, ಜರ್ಮನಿಯ ಮೇಲೆ. ಅವರನ್ನು ದೂರಿ ಪ್ರಯೋಜನವಿಲ್ಲ. ಇಲ್ಲಿ ಉಳಿದವರಿಗೆ ಸಿಗುವುದೇನು ಎಂದು ನೋಡಬೇಕು.

2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಕೇಂದ್ರ ರಚಿಸಿದ ಸಮಿತಿ ಖಾಸಗಿ ನರ್ಸ್‌ಗಳ ವೇತನದ ಬಗ್ಗೆ ಸ್ಪಷ್ಟ ಶಿಫಾರಸು ಮಾಡಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗೆ ಸಮನಾದ ವೇತನ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರ ರೂಪಾಯಿಗೆ ಕಡಿಮೆ ಇರಬಾರದು ಎಂದು. ಜಾರಿ ಮಾಡುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಅಲ್ಲಿಗೆ ಅದರ ವೇಗವೂ ಕುಂದಿತು. ಸರ್ಕಾರಿ ವಲಯದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದುಡಿಯುವ ದೊಡ್ಡ ಸಂಖ್ಯೆಯ ನರ್ಸ್‌ಗಳು ಇಂದಿಗೂ ಗುತ್ತಿಗೆ ನೌಕರರು. ವರ್ಷವರ್ಷವೂ ಒಪ್ಪಂದ ನವೀಕರಣಕ್ಕೆ ಕಾಯುವವರಿಂದ ಹತ್ತು ವರ್ಷದ ಅನುಭವ ಬೇಡುವ ಕೌಶಲವನ್ನು ನಿರೀಕ್ಷಿಸುವುದು ಕಷ್ಟ.

ಕೌಶಲದ ದಾರಿಗಳೂ ಇವೆ, ಆದರೆ ಕೊನೆ ತಲುಪುವುದಿಲ್ಲ. ಹೃದಯ ಮತ್ತು ಎದೆಗೂಡಿನ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಎಂ.ಎಸ್ಸಿ. ಮಟ್ಟದ ವಿಶೇಷ ಅಧ್ಯಯನವೂ ಇದೆ. ತೀವ್ರ ನಿಗಾ ಘಟಕಗಳಿಗಾಗಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಕೂಡ ಆರಂಭವಾಗಿದೆ. ಆದರೆ ಓದಿದವರಿಗೆ ಅದಕ್ಕೆ ತಕ್ಕ ಹುದ್ದೆ, ಭತ್ಯೆ ಸಿಗುವುದು ವಿರಳ. ಸಿಸಿಯುನಲ್ಲಿ ಪಳಗಿದ ನರ್ಸ್ ಪಾಳಿ ಬದಲಾವಣೆಯಲ್ಲಿ ಬೇರೆ ವಾರ್ಡ್‌ಗೆ ಹೋಗುತ್ತಾರೆ, ಅವರ ಜಾಗಕ್ಕೆ ಇಸಿಜಿ ಓದಲು ಈಗಷ್ಟೇ ಕಲಿಯುತ್ತಿರುವವರು ಬರುತ್ತಾರೆ. 1947ರ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಗೆ ಒಪ್ಪಿಗೆ ನೀಡಿದೆ. ಶಿಕ್ಷಣದ ಗುಣಮಟ್ಟ ಅದರ ಕೈಯಲ್ಲಿದೆ. ಹುದ್ದೆ ಮತ್ತು ವೇತನ ಮಾತ್ರ ರಾಜ್ಯದ ಖಜಾನೆಯ ಕೈಯಲ್ಲೇ ಇದೆ.

ಏನು ಮಾಡಬಹುದು?

ಮೊದಲನೆಯದು, ಹೃದಯ ಜ್ಯೋತಿ ವಿಸ್ತರಣೆಯ ಆದೇಶದಲ್ಲೇ ನರ್ಸ್‌ಗಳ ಲೆಕ್ಕ ಸೇರಬೇಕು. ಪ್ರತಿ ಸ್ಪೋಕ್ ಆಸ್ಪತ್ರೆಯಲ್ಲಿ ಹಗಲು-ರಾತ್ರಿ ಪ್ರತಿ ಪಾಳಿಗೂ ಹೃದಯ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ಶುಶ್ರೂಷಾಧಿಕಾರಿ ಇರಲೇಬೇಕು ಮತ್ತು ಅವರನ್ನು ಕನಿಷ್ಠ ಕೆಲವು ವರ್ಷ ಅಲ್ಲಿಂದ ಕದಲಿಸಬಾರದು. ಎಷ್ಟು ಇಂಜೆಕ್ಷನ್ ಕೊಟ್ಟೆವು ಎಂಬ ಲೆಕ್ಕದ ಜತೆಗೆ ಬಾಗಿಲಿನಿಂದ ಇಸಿಜಿಗೆ ಎಷ್ಟು ನಿಮಿಷ, ಇಂಜೆಕ್ಷನ್‌ಗೆ ಎಷ್ಟು ನಿಮಿಷ, ರಾತ್ರಿ ಪಾಳಿಯಲ್ಲಿ ಎಷ್ಟು ಎಂಬುದನ್ನೂ ಆಸ್ಪತ್ರೆವಾರು ಪ್ರಕಟಿಸಿದರೆ ಕೊರತೆ ಎಲ್ಲಿದೆ ಎಂದು ತಾನಾಗಿಯೇ ಗೊತ್ತಾಗುತ್ತದೆ.

ಎರಡನೆಯದು, ಹಬ್‌ನಿಂದ ಬಿಡುಗಡೆಯಾದ ರೋಗಿಯ ಹೆಸರು ಆತನ ಊರಿನ ಉಪಕೇಂದ್ರಕ್ಕೆ ತಲುಪಬೇಕು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಪಾಲು ನರ್ಸಿಂಗ್ ಪದವೀಧರರು. 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಡಿ ಸಿಬ್ಬಂದಿ ಹೇಗೂ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುತ್ತಿದ್ದಾರೆ. ಹೊಸ ರೋಗಿಗಳನ್ನು ಹುಡುಕುವ ಅದೇ ಭೇಟಿಯಲ್ಲಿ, ಹಳೆಯ ರೋಗಿ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳುವುದಕ್ಕೆ ಹೊಸ ಇಲಾಖೆ ಬೇಕಿಲ್ಲ, ಒಂದು ಪಟ್ಟಿ ಸಾಕು.

ಮೂರನೆಯದು ಇನ್ನೂ ಸರಳ. ಡಿಸ್ಚಾರ್ಜ್ ದಿನ ನರ್ಸ್ ಒಬ್ಬರು ಹದಿನೈದು ನಿಮಿಷ ಕುಳಿತು, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ರೋಗಿಗೂ ಮನೆಯವರಿಗೂ ಓದಿ ಹೇಳಬೇಕು. ಯಾವ ಮಾತ್ರೆ ಬಿಡಬಾರದು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು. ಮನೆಯಲ್ಲಿ ನಿಜವಾದ ಶುಶ್ರೂಷೆ ಮಾಡುವವರು ಹೆಂಡತಿ, ಮಗಳು, ಸೊಸೆ. ಅವರ ಕೈಗೆ ಮಾಹಿತಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಇದಕ್ಕೆಲ್ಲ ಹಣ ಬೇಕು ಎಂಬುದು ನಿಜ. ಆದರೆ 1990ರಲ್ಲಿ ದೇಶದ ಒಟ್ಟು ಸಾವುಗಳಲ್ಲಿ ಶೇ 15.2ರಷ್ಟಿದ್ದ ಹೃದಯ ಮತ್ತು ರಕ್ತನಾಳ ಕಾಯಿಲೆಗಳ ಪಾಲು 2016ರ ಹೊತ್ತಿಗೆ ಶೇ 28.1ಕ್ಕೆ ಏರಿತ್ತು. ಈ ಏರಿಕೆಯ ಮುಂದೆ ಆಂಜಿಯೋಪ್ಲಾಸ್ಟಿ ಕೊಠಡಿಗಳನ್ನು ಮಾತ್ರ ಹೆಚ್ಚಿಸುತ್ತ ಹೋಗುವುದು ಒಡೆದ ಕೊಳಾಯಿಯ ಕೆಳಗೆ ಬಿಂದಿಗೆಗಳನ್ನು ಇಡುತ್ತ ಹೋದಂತೆ. ಮತ್ತೆ ಆಸ್ಪತ್ರೆ ಸೇರದಂತೆ ತಡೆದ ಪ್ರತಿ ರೋಗಿಯಿಂದ ಸರ್ಕಾರಕ್ಕೂ ಉಳಿತಾಯ, ಮನೆಗೂ ಉಳಿತಾಯ.

ಹಾಸನದ ಭಯ ಈಗ ತಗ್ಗಿದೆ. ಆಸ್ಪತ್ರೆಗಳ ಮುಂದಿನ ಸಾಲುಗಳೂ ಕರಗಿವೆ. ಆದರೆ ಆ 24 ಮನೆಗಳಲ್ಲಿ ಉಳಿದವರಿಗೂ ರಕ್ತದೊತ್ತಡ ಇರಬಹುದು, ಅದೇ ಕುಟುಂಬದ ಹಿನ್ನೆಲೆಯಂತೂ ಇದ್ದೇ ಇದೆ. ಮುಂದೊಂದು ರಾತ್ರಿ ಅಲ್ಲಿಂದ ಯಾರಾದರೂ ಎದೆ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ, ಇಂಜೆಕ್ಷನ್ ಬಹುಶಃ ಕಪಾಟಿನಲ್ಲಿ ಇರುತ್ತದೆ. ಆ ಕಪಾಟು ತೆಗೆದು ಇಂಜೆಕ್ಷನ್ ಸಿದ್ಧ ಮಾಡಲು, ಕೊಟ್ಟ ಮೇಲೆ ರೋಗಿಯ ಪಕ್ಕದಲ್ಲೇ ನಿಲ್ಲಲು ಪಳಗಿದ ಕೈ ಅಲ್ಲಿ ಇರುತ್ತದೆಯೇ ಎಂಬುದನ್ನು ಸರ್ಕಾರ ಈಗಲೇ ತೀರ್ಮಾನಿಸಬೇಕಿದೆ.